ಮ್ಯಾವಿಕ್ 3ಟಿ ಡ್ರೋನ್: ಕಾಡ್ಗಿಚ್ಚಿನ ನಕ್ಷೆಗೆ ಎಷ್ಟು ಸೈ?

ಇದರಲ್ಲಿರುವುದು 640×512 ಪಿಕ್ಸೆಲ್‌ನ ಥರ್ಮಲ್ ಕ್ಯಾಮೆರಾ, ಅಂದರೆ ಶಾಖವನ್ನೇ ಚಿತ್ರವಾಗಿಸುವ ಕ್ಯಾಮೆರಾ. 100 ಮೀಟರ್ ಎತ್ತರದಲ್ಲಿ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಸುಮಾರು 14 ಸೆಂ.ಮೀ.; ಒಳಗೊಳಗೇ ಉರಿಯುವ ಬೊಡ್ಡೆಯೂ ಕಾಣುತ್ತದೆ. ಹೊಗೆ ಅಷ್ಟಾಗಿ ಅಡ್ಡಿಯಲ್ಲ, ದಟ್ಟ ಎಲೆಚಪ್ಪರವೇ ಅಡ್ಡಿ.

ಹೆಚ್ಚಿನವರು ಎಡವುವುದು ಗೇನ್ ಆಯ್ಕೆಯಲ್ಲಿ, ಅಂದರೆ ಕ್ಯಾಮೆರಾ ಶಾಖಕ್ಕೆ ಎಷ್ಟು ಸೂಕ್ಷ್ಮವಾಗಿರಬೇಕು ಎಂಬ ಆಯ್ಕೆಯಲ್ಲಿ. ಹೈ ಗೇನ್ 150 ಡಿಗ್ರಿಗೇ ಮುಗಿಯುತ್ತದೆ, ಆಮೇಲೆ ಜ್ವಾಲೆ, ಕೆಂಡ ಎಲ್ಲ ಒಂದೇ ಬಿಳಿ ಮುದ್ದೆ. ಉರಿಯುವ ಅಂಚಿಗೆ 500 ಡಿಗ್ರಿವರೆಗಿನ ಲೋ ಗೇನ್ ಹಾಕಿ. ಅಳಿದುಳಿದ ಕೆಂಡ ಹುಡುಕಲು ಹೈ ಗೇನ್ ಸಾಕು. ಬಿಸಿಲಿಗೆ ಕಾದ ಬಂಡೆಯೂ ಕೆಂಡದಂತೆ ಹೊಳೆದು ದಾರಿ ತಪ್ಪಿಸುತ್ತದೆ. ಸೂರ್ಯ ಹುಟ್ಟುವ ಮುಂಚೆ ಹಾರಿಸುವುದೇ ಜಾಣತನ. ನಕ್ಷೆಗಾಗಿ ಜೋಡಿಸುವ ಚಿತ್ರಗಳು ಒಂದರ ಮೇಲೊಂದು ಶೇ. 80ರಷ್ಟಾದರೂ ಬರಲಿ, ಇಲ್ಲದಿದ್ದರೆ ನಕ್ಷೆ ಹರಿದುಹೋಗುತ್ತದೆ.

ಕಂಪನಿ ಹೇಳುವ 45 ನಿಮಿಷದ ಹಾರಾಟ? ಅದು ಗಾಳಿಯಿಲ್ಲದ ದಿನದ ಲೆಕ್ಕ. ನೀರು ಸುರಿಯುವ ವಿಮಾನ ಬಂದರೆ ಡ್ರೋನನ್ನು ತಕ್ಷಣ ಇಳಿಸಿಬಿಡಿ.