ಚಿತ್ರದುರ್ಗದಲ್ಲಿ ‘ಕೋಟೆ ಪಕ್ಕದ ಕಾಡುಮನೆ’ ಬುಕ್ ಮಾಡುವ ಮುಂಚೆ ಇದನ್ನು ಓದಿ

ಬುಕಿಂಗ್ ಆ್ಯಪ್‌ನಲ್ಲಿ ‘ಕೋಟೆಯಿಂದ 4 ಕಿ.ಮೀ.’ ಅಂತ ಬಂದರೆ ನಂಬಬೇಡಿ. ಅದು ಹೆಚ್ಚಾಗಿ ಮ್ಯಾಪ್ ಮೇಲೆ ನೇರ ಗೆರೆ ಎಳೆದು ಅಳೆದ ದೂರ. ಮಧ್ಯೆ ಗುಡ್ಡ ಬಂದರೆ ಆ್ಯಪ್‌ಗೆ ಗೊತ್ತಾಗುವುದಿಲ್ಲ. ದುರ್ಗದಲ್ಲೋ, ಎತ್ತ ತಿರುಗಿದರೂ ಗುಡ್ಡವೇ.

ನಾವು ದಾವಣಗೆರೆಯವರು. ದುರ್ಗ ಸುಮಾರು 60 ಕಿ.ಮೀ., ಬೆಳಿಗ್ಗೆ ಹೋಗಿ ರಾತ್ರಿ ಬರುವ ದಾರಿ. ಆದರೆ ಅಕ್ಕ, ಭಾವ, ಮಕ್ಕಳು ಬಂದಿದ್ದರು. ಸಂಜೆ ಚಂದ್ರವಳ್ಳಿ ಗುಹೆ, ಮರುದಿನ ಬಿಸಿಲೇರುವ ಮುಂಚೆ ಕೋಟೆ ಅಂತ ಲೆಕ್ಕ ಹಾಕಿ, ಆ್ಯಪ್‌ನಲ್ಲಿ ಇಂಥದ್ದೇ ಒಂದು ಕಾಡುಮನೆ ಬುಕ್ ಮಾಡಿದೆವು. ಚಂದ್ರವಳ್ಳಿ ಚೆನ್ನಾಗಿಯೇ ಆಯಿತು. ಅಂಕಲಿ ಮಠದ ಕತ್ತಲೆ ಕೋಣೆಗಳಲ್ಲಿ ಮಕ್ಕಳು ಟಾರ್ಚ್ ಹಿಡಿದು ಕುಣಿದರು. ಮಯೂರಶರ್ಮನ ಶಾಸನ ಇರುವ ಬಂಡೆಯನ್ನೂ ನೋಡಿದೆವು.

ಆಮೇಲೆ ಶುರುವಾಯಿತು. ಹೈವೇ ಹತ್ತಿ, ಇಳಿದು, ಮಣ್ಣು ರಸ್ತೆ ಹಿಡಿದು, ಗುಡ್ಡ ಸುತ್ತಿಕೊಂಡು ಹೋದರೆ ಕಾಡುಮನೆಗೆ 17 ಕಿ.ಮೀ. ಫೋಟೊದಲ್ಲಿದ್ದ ಕೋಟೆ ಗೋಡೆ ಅಲ್ಲಿಂದ ಕಾಣುವುದೇ ಇಲ್ಲ, ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಕಾಣುತ್ತವೆ ಅಷ್ಟೇ. ಊಟ ಇದೆ ಅಂತ ಬರೆದಿದ್ದರು. ಅಲ್ಲಿದ್ದ ಹುಡುಗ, ‘ಮೊದ್ಲೇ ಹೇಳ್ಬೇಕಿತ್ತು ಸಾರ್, ಈಗ ಮೊಟ್ಟೆ ಅಷ್ಟೇ ಐತೆ’ ಅಂದ. ಮನೆಯಿಂದ ತಂದಿದ್ದ ಮಂಡಕ್ಕಿಯೇ ರಾತ್ರಿಯ ಊಟ.

ನಮ್ಮನ್ನು ಬಿಟ್ಟು ಹೋಗುವಾಗ ಆ ಹುಡುಗ ಇನ್ನೊಂದು ಮಾತು ಹೇಳಿದ: ‘ರಾತ್ರಿ ಹೊರಗೆ ಬರ್ಬೇಡಿ ಸಾರ್. ಸೀತಾಫಲದ ಟೈಮು, ಕರಡಿ ಓಡಾಡ್ತಾವೆ.’ ಸುಮ್ನೆ ಹೆದರಿಸಲು ಹೇಳಿದ್ದಲ್ಲ, ದುರ್ಗದ ಪಕ್ಕದ ಜೋಗಿಮಟ್ಟಿ ಕಾಡಿನಲ್ಲಿ ಕರಡಿ, ಚಿರತೆ ಇರುವುದು ನಿಜ. ಆದರೆ ಟಾಯ್ಲೆಟ್ ಇದ್ದದ್ದೇ ಹೊರಗೆ! ಅಂಗಳದ ಆ ತುದಿಯಲ್ಲಿ, ಲೈಟೂ ಇಲ್ಲ. ಭಾವ ಕಾರನ್ನು ಬಾಗಿಲಿಗೆ ತಂದು ಹೆಡ್‌ಲೈಟ್ ಹಾಕಿ ಒಬ್ಬೊಬ್ಬರನ್ನೇ ಕಳಿಸಿದರು. ಈಗ ಹೇಳಿಕೊಂಡು ನಗುತ್ತೇವೆ, ಆವತ್ತು ಯಾರಿಗೂ ನಗು ಬರಲಿಲ್ಲ.

ಬೆಳಿಗ್ಗೆ ನಲ್ಲಿಯಲ್ಲಿ ನೀರಿಲ್ಲ. ಟ್ಯಾಂಕ್ ತುಂಬುವವರೆಗೆ ಕಾದು, ಕೋಟೆ ಬಾಗಿಲಿಗೆ ಬರುವಾಗ ಹತ್ತೂವರೆ. ಇದೇ ದೊಡ್ಡ ನಷ್ಟ. ಏಳು ಸುತ್ತಿನ ಕೋಟೆ ಪೂರಾ ಬಂಡೆ, ನೆರಳು ಕಡಿಮೆ, ಹೊತ್ತೇರಿದಂತೆ ಕಲ್ಲೇ ಕಾವು ಉಗುಳುತ್ತದೆ. ಏಕನಾಥೇಶ್ವರಿ ಗುಡಿ ಹತ್ತಿರ ಅಕ್ಕ ಕೂತುಬಿಟ್ಟಳು. ಮಕ್ಕಳು ಬಂದಿದ್ದೇ ಓಬವ್ವನ ಕಿಂಡಿ ನೋಡಲು, ಅದನ್ನೂ ನೋಡದೆ ಇಳಿದೆವು.

ಸಂಜೆ ಕೋಟೆ ಬಾಗಿಲು ಮುಚ್ಚುತ್ತಾರೆ. ಹಾಗಾಗಿ ರಾತ್ರಿ ಕಾಡಿನಲ್ಲಿ ಉಳಿದು ನೋಡುವಂಥದ್ದು ಏನೂ ಇಲ್ಲ. ಬೇಕಿರುವುದು ಬೆಳಿಗ್ಗೆ ಬೇಗ ಬಾಗಿಲ ಮುಂದೆ ನಿಲ್ಲುವುದು. ಅದಕ್ಕೆ ಊರೊಳಗಿನ ಸಾದಾ ಲಾಡ್ಜೇ ವಾಸಿ. ಕೋಟೆ ಹತ್ತಿರವೇ ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಹೋಟೆಲ್ ಕೂಡ ಇದೆ. ಕಾಡೇ ಬೇಕು ಅನ್ನುವವರು ಮ್ಯಾಪ್‌ನಲ್ಲಿ ಕಾರಿನ ದಾರಿ ಹಾಕಿ ನೋಡಿ. ಫೋನ್ ಮಾಡಿ ಟಾಯ್ಲೆಟ್ ಒಳಗಾ ಹೊರಗಾ, ರಾತ್ರಿ ಜೊತೆಗೆ ಯಾರು ಇರುತ್ತಾರೆ ಅಂತ ಕೇಳಿ. ಬುಕ್ ಮಾಡಿದ ದಿನವೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ನಾವು ದೂರು ಕೊಟ್ಟ ಮೇಲೆ ‘ಅಟ್ಯಾಚ್ಡ್ ಬಾತ್‌ರೂಮ್’ ಅನ್ನುವ ಸಾಲೇ ಅಲ್ಲಿಂದ ಮಾಯವಾಗಿತ್ತು. ಸ್ಕ್ರೀನ್‌ಶಾಟ್ ಇದ್ದದ್ದರಿಂದ ಅರ್ಧ ದುಡ್ಡಾದರೂ ವಾಪಸ್ ಬಂತು.