ಪಾಸ್‌ವರ್ಡ್ ಬದಲಾಯಿಸಿದರೂ ಮುಚ್ಚದ ವೈ-ಫೈ ಬಾಗಿಲು

ಮನೆಯ ವೈ-ಫೈಯನ್ನು ಯಾರಾದರೂ ಕದ್ದು ಬಳಸಿದರೆ ಹೆಚ್ಚೆಂದರೆ ಒಂದಿಷ್ಟು ಡೇಟಾ ಖರ್ಚಾಗುತ್ತದೆ, ವೇಗ ತಗ್ಗುತ್ತದೆ ಎಂಬುದು ನಮ್ಮಲ್ಲಿ ಬಹುತೇಕರ ಎಣಿಕೆ. ಕಳೆದ ವರ್ಷ ಬೆಂಗಳೂರಿನ ವಿಜಯನಗರದ ನಮ್ಮ ಮನೆಗೆ ಸೈಬರ್ ಪೊಲೀಸರು ಬಂದಾಗ ತಿಳಿದ ಸಂಗತಿಯೇ ಬೇರೆ. ಯುವತಿಯೊಬ್ಬರ ಫೋಟೊ ಹಾಕಿ ನಕಲಿ ಖಾತೆ ತೆರೆದು ಅಶ್ಲೀಲ ಸಂದೇಶ ಕಳಿಸುತ್ತಿದ್ದವನ ಐಪಿ ವಿಳಾಸದ (ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆಯ) ಜಾಡು ಬಂದು ನಿಂತದ್ದು ನನ್ನ ಹೆಸರಿನ ಬ್ರಾಡ್‌ಬ್ಯಾಂಡ್ ಸಂಪರ್ಕದ ಮುಂದೆ. ಮನೆಯೊಳಗೆ ಎಷ್ಟು ಸಾಧನಗಳಿದ್ದರೂ ಹೊರಗೆ ಕಾಣುವ ವಿಳಾಸ ಒಂದೇ. ಅದರ ಹಿಂದೆ ಯಾವುದಿತ್ತು ಎಂಬುದನ್ನು ರೂಟರ್ ಮಾತ್ರ ಹೇಳಬಲ್ಲದು. ಹಾಗಾಗಿ ನಮ್ಮ ಫೋನುಗಳೂ ಲ್ಯಾಪ್‌ಟಾಪೂ ಪರೀಕ್ಷೆಗೆಂದು ಠಾಣೆ ಸೇರಿದವು.

ಇದಕ್ಕಾಗಿ ಪೊಲೀಸರನ್ನು ದೂರುವಂತಿಲ್ಲ. 2008ರ ಜುಲೈ 26ರಂದು ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಹೋದ ಇಮೇಲ್‌ನ ಜಾಡು ಹಿಡಿದವರು ತಲುಪಿದ್ದು ನವಿ ಮುಂಬೈಯಲ್ಲಿ ವಾಸವಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಯನ್ನು. ಅವರ ವೈ-ಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. ಆದರೂ ವಿಚಾರಣೆ ಎದುರಿಸಬೇಕಾದವರು ಅವರೇ.

ನಮ್ಮ ರೂಟರ್‌ಗೆ ಪಾಸ್‌ವರ್ಡ್ ಇತ್ತು, ಅದೂ ಉದ್ದನೆಯದು. ಮಹಡಿಯ ಕೋಣೆಗಳ ಬಾಡಿಗೆದಾರರು ಬದಲಾದಾಗಲೆಲ್ಲ ಅದನ್ನೂ ಬದಲಾಯಿಸುತ್ತಿದ್ದೆ. ಪೊಲೀಸರು ಬಂದು ಹೋದ ಮೇಲೆ ಬ್ರಾಡ್‌ಬ್ಯಾಂಡ್ ಕಂಪನಿಗೆ ಫೋನ್ ಮಾಡಿದೆ. ಬಂದ ತಂತ್ರಜ್ಞರು ಒಂದು ಮಾತೂ ಕೇಳದೆ ಪಿನ್ನಿನ ತುದಿಯಿಂದ ರೀಸೆಟ್ ಗುಂಡಿ ಒತ್ತಿ, ಹೊಸ ಪಾಸ್‌ವರ್ಡ್ ಹಾಕಿಕೊಟ್ಟು ಹೊರಟರು. ಆ ಪಾಸ್‌ವರ್ಡನ್ನು ಮನೆಯವರಲ್ಲದೆ ಯಾರಿಗೂ ಕೊಟ್ಟಿರಲಿಲ್ಲ. ಆದರೂ ಕೆಲವು ದಿನಗಳ ನಂತರ ರೂಟರ್‌ನ ಪುಟ ತೆರೆದು ನೋಡಿದರೆ, ಸಂಪರ್ಕಗೊಂಡ ಸಾಧನಗಳ ಪಟ್ಟಿಯಲ್ಲಿ 'ಡೆಸ್ಕ್‌ಟಾಪ್' ಎಂದು ಆರಂಭವಾಗಿ ಅರ್ಥವಿಲ್ಲದ ಅಕ್ಷರ-ಅಂಕೆಗಳಲ್ಲಿ ಮುಗಿಯುವ, ವಿಂಡೋಸ್ ಕಂಪ್ಯೂಟರ್‌ಗಳಿಗೆ ತಾನಾಗಿಯೇ ಇಡುವಂಥ ಹೆಸರೊಂದು ಕುಳಿತಿತ್ತು. ನಮ್ಮಲ್ಲಿದ್ದ ಏಕೈಕ ಕಂಪ್ಯೂಟರ್ ಆ ಲ್ಯಾಪ್‌ಟಾಪ್, ಅದು ಆಗಿನ್ನೂ ಠಾಣೆಯಲ್ಲಿತ್ತು.

ನೆಟ್‌ವರ್ಕ್ ಕೆಲಸ ಬಲ್ಲ ಸ್ನೇಹಿತರೊಬ್ಬರು ಬಂದು ನೋಡಿದ್ದು ಪಾಸ್‌ವರ್ಡನ್ನಲ್ಲ, ರೂಟರ್‌ನ ತಳದ ಚೀಟಿಯನ್ನು. ಫೈಬರ್ ಒಳಬರುವ ಜಾಗವೆಂದು ಕಂಪನಿಯವರು ರೂಟರನ್ನು ಮೆಟ್ಟಿಲ ಪಕ್ಕದ ಗೋಡೆಗೆ ಕೂರಿಸಿದ್ದರು. ಹತ್ತಿಳಿಯುವ ಯಾರು ಬೇಕಾದರೂ ಬಗ್ಗಿ ಓದಬಹುದಾದ ಆ ಚೀಟಿಯಲ್ಲಿ ಎಂಟು ಅಂಕೆಗಳ ಡಬ್ಲ್ಯುಪಿಎಸ್ (ವೈ-ಫೈ ಪ್ರೊಟೆಕ್ಟೆಡ್ ಸೆಟಪ್) ಪಿನ್ ಅಚ್ಚಾಗಿತ್ತು. ಪಾಸ್‌ವರ್ಡ್ ಟೈಪು ಮಾಡುವ ಕಷ್ಟ ತಪ್ಪಿಸಲೆಂದು ಮಾಡಿದ ಈ ಸೌಲಭ್ಯದಲ್ಲಿ, ಪಿನ್ ಗೊತ್ತಿದ್ದವರಿಗೆ ರೂಟರ್ ತಾನೇ ಪಾಸ್‌ವರ್ಡನ್ನು ಒಪ್ಪಿಸಿಬಿಡುತ್ತದೆ, ನೀವು ಅದನ್ನು ಎಷ್ಟು ಸಲ ಬದಲಾಯಿಸಿದರೂ ಅಷ್ಟೆ. ಚೀಟಿ ಕಾಣದಿದ್ದರೂ ಭದ್ರವೆನ್ನುವಂತಿಲ್ಲ. ಪಿನ್ನಿನ ಮೊದಲ ನಾಲ್ಕು ಅಂಕೆಗಳನ್ನೂ ಉಳಿದವನ್ನೂ ರೂಟರ್ ಬೇರೆ ಬೇರೆಯಾಗಿ ಪರಿಶೀಲಿಸುತ್ತದೆ, ಕೊನೆಯ ಅಂಕೆ ಬರೀ ತಾಳೆ ನೋಡುವುದಕ್ಕೆ. ಆದ್ದರಿಂದ ಮೊದಲ ಭಾಗಕ್ಕೆ 10,000, ಉಳಿದ ಮೂರು ಅಂಕೆಗಳಿಗೆ 1,000, ಹೀಗೆ ಹೆಚ್ಚೆಂದರೆ 11,000 ಯತ್ನಗಳಲ್ಲಿ ಅದನ್ನು ಊಹಿಸಬಹುದೆಂದು ಭದ್ರತಾ ಸಂಶೋಧಕ ಸ್ಟೀಫನ್ ವೀಬಾಕ್ 2011ರಲ್ಲೇ ತೋರಿಸಿದ್ದರು. ತಪ್ಪು ಯತ್ನಗಳು ಹೆಚ್ಚಾದರೆ ಕೆಲವು ರೂಟರ್‌ಗಳು ಬಾಗಿಲು ಹಾಕಿಕೊಳ್ಳುತ್ತವೆ, ಎಲ್ಲವೂ ಅಲ್ಲ.

ಹಾಗೆಂದು ವೈ-ಫೈ ಬಿಟ್ಟು ಗೋಡೆ ಕೊರೆದು ತಂತಿ ಎಳೆಯಲು ನಾನು ಸಿದ್ಧನಿಲ್ಲ. ಹಳೆಯ ಮನೆಯ ದಪ್ಪ ಗೋಡೆಗಳ ನಡುವೆ ಟಿವಿ, ಮಗಳ ಪಾಠ, ಅಮ್ಮನ ವಿಡಿಯೊ ಕರೆ ಎಲ್ಲವೂ ಒಂದೇ ಪೆಟ್ಟಿಗೆಯಿಂದ ನಡೆಯುವುದು ಸಣ್ಣ ಅನುಕೂಲವಲ್ಲ. ರೂಟರ್‌ನ ಸೆಟ್ಟಿಂಗ್‌ನಲ್ಲಿ ಡಬ್ಲ್ಯುಪಿಎಸ್ ಆಫ್ ಮಾಡಿ, ಅದರ ಆಡಳಿತ ಪುಟಕ್ಕೂ ಬೇರೆ ಪಾಸ್‌ವರ್ಡ್ ಇಟ್ಟು, ಬಾಡಿಗೆದಾರರಿಗೂ ಅತಿಥಿಗಳಿಗೂ ಅದೇ ರೂಟರ್‌ನಲ್ಲಿ ಬೇರೆ ಪಾಸ್‌ವರ್ಡ್‌ನ ಗೆಸ್ಟ್ ಜಾಲವನ್ನೇ ಕೊಡಿ. ರೀಸೆಟ್ ಮಾಡಿದರೆ ಡಬ್ಲ್ಯುಪಿಎಸ್ ಮತ್ತೆ ಆನ್ ಆಗಬಹುದು, ನಮ್ಮಲ್ಲೂ ರೀಸೆಟ್ ಆದ ಮೇಲೆ ಅದು ಆನ್ ಆಗಿಯೇ ಇತ್ತು.

ಎಲ್ಲಕ್ಕಿಂತ ಹೆಚ್ಚು ನಷ್ಟವಾದದ್ದು ಆ ತಂತ್ರಜ್ಞರ ಅವಸರದಿಂದ. ಅಪರಾಧ ನಡೆದ ದಿನಗಳಲ್ಲಿ ಯಾವ ಸಾಧನ ಯಾವಾಗ ಸಂಪರ್ಕದಲ್ಲಿತ್ತು ಎಂಬ ದಾಖಲೆ ರೀಸೆಟ್‌ನೊಂದಿಗೆ ಅಳಿಸಿಹೋಯಿತು. ಪೊಲೀಸರಿಗೆ ನಾನು ಕೊಡಲಾದದ್ದು ಆಮೇಲಿನ ಪಟ್ಟಿಯ ಫೋಟೊ ಮಾತ್ರ. ನಿಮ್ಮ ಮನೆಗೂ ಇಂಥ ವಿಚಾರಣೆ ಬಂದರೆ, ಕಂಪನಿಯವರು ರೂಟರ್ ಮುಟ್ಟುವ ಮೊದಲೇ ಸಾಧನಗಳ ಪಟ್ಟಿ ಮತ್ತು ಸಿಸ್ಟಂ ಲಾಗ್‌ನ (ರೂಟರ್ ಇಟ್ಟುಕೊಳ್ಳುವ ದಾಖಲೆಯ) ಫೋಟೊಗಳನ್ನು ಮ್ಯಾಕ್ ವಿಳಾಸವೂ (ಪ್ರತಿ ಸಾಧನದ ಗುರುತು) ಸಮಯವೂ ಕಾಣುವಂತೆ ತೆಗೆದು, ಅವನ್ನು ತನಿಖಾಧಿಕಾರಿಗೆ ಲಿಖಿತವಾಗಿ ಒಪ್ಪಿಸಿ ಸ್ವೀಕೃತಿ ಪಡೆಯಿರಿ.