ಸಲಹೆಗಷ್ಟೇ ಶುಲ್ಕ ಪಡೆಯುವ ಒಳಾಂಗಣ ವಿನ್ಯಾಸ ಸೇವೆ: ಬೆಂಗಳೂರಿನ ಒಂದು ಫ್ಲ್ಯಾಟ್‌ನ ಅನುಭವ

ಬೆಂಗಳೂರಿನಲ್ಲಿ ಮನೆಯ ಒಳಾಂಗಣ ಕೆಲಸವನ್ನು ವಹಿಸಿಕೊಡಲು ಸಾಮಾನ್ಯವಾಗಿ ಎರಡು ದಾರಿಗಳಿವೆ. ವಿನ್ಯಾಸ, ಸಾಮಗ್ರಿ, ಬಡಗಿ ಕೆಲಸ ಎಲ್ಲವನ್ನೂ ಒಂದೇ ಮೊತ್ತಕ್ಕೆ ಮಾಡಿಕೊಡುವ ಪ್ಯಾಕೇಜ್ ಕಂಪನಿಗಳು ಒಂದು ಕಡೆ; ನಕ್ಷೆ, ಸಾಮಗ್ರಿಗಳ ಪಟ್ಟಿ ಮತ್ತು ಖರ್ಚಿನ ಅಂದಾಜನ್ನು ಸಿದ್ಧಪಡಿಸಿಕೊಟ್ಟು, ಅದಕ್ಕೆ ಮಾತ್ರ ಶುಲ್ಕ ಪಡೆದು, ಖರೀದಿಯನ್ನೂ ಕೂಲಿಯನ್ನೂ ಮನೆಯವರಿಗೇ ಬಿಡುವ ಸಣ್ಣ ಕಚೇರಿಗಳು ಇನ್ನೊಂದು ಕಡೆ. ನಾವು ಆರಿಸಿಕೊಂಡದ್ದು ಎರಡನೆಯದನ್ನು. ದಕ್ಷಿಣ ಬೆಂಗಳೂರಿನಲ್ಲಿ ಇಬ್ಬರು ವಿನ್ಯಾಸಕಿಯರು ನಡೆಸುವ ಕಚೇರಿ ಅದು. ಇದೇ ಕ್ರಮದಲ್ಲಿ ಕೆಲಸ ಮಾಡುವವರು ನಗರದಲ್ಲಿ ಇನ್ನೂ ಹಲವರಿರುವುದರಿಂದ, ಕಚೇರಿಯ ಹೆಸರಿಗಿಂತ ಈ ಬಗೆಯ ಸೇವೆಯಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ವಿವರವಾಗಿ ಬರೆಯುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ.

ನಮ್ಮದು 1,180 ಚದರ ಅಡಿಯ, ಎರಡು ಮಲಗುವ ಕೋಣೆಗಳ, ಮೊದಲ ಮಾಲೀಕರಿಂದ ಕೊಂಡ ಹಳೆಯ ಫ್ಲ್ಯಾಟ್. ಮಗಳ ಓದು ಮುಗಿದ ಮೇಲೆ ಇದನ್ನು ಮಾರಿ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಗೆ ಹಿಂದಿರುಗುವ ಯೋಚನೆ ನಮಗೆ ಮೊದಲಿನಿಂದಲೂ ಇತ್ತು. ಆದ್ದರಿಂದ ಮರುಮಾರಾಟದ ಬೆಲೆ ನಮಗೆ ದೂರದ ಮಾತಾಗಿರಲಿಲ್ಲ. ಇಡೀ ಕೆಲಸಕ್ಕೆ ತೆಗೆದಿಟ್ಟ ಹಣ 10 ಲಕ್ಷ ರೂಪಾಯಿ. ಪ್ಯಾಕೇಜ್ ಕಂಪನಿಗಳಿಂದ ತರಿಸಿದ ಕೊಟೇಶನ್‌ಗಳು 13 ಲಕ್ಷದ ಆಸುಪಾಸಿನಲ್ಲಿದ್ದವು, ಅದರ ಮೇಲೆ ಶೇ. 18ರ ಜಿಎಸ್‌ಟಿ ಬೇರೆ.

ವಿನ್ಯಾಸಕಿಯರು ನಮ್ಮನ್ನು ಮೊದಲು ಕೇಳಿದ ಪ್ರಶ್ನೆಯಲ್ಲೇ ಈ ಸೇವೆಯ ಸತ್ವವಿದೆ. ‘ಈ ಮನೆಯಲ್ಲಿ ಎಷ್ಟು ವರ್ಷ ಇರುತ್ತೀರಿ? ಬಿಟ್ಟು ಹೋಗುವಾಗ ಏನೇನನ್ನು ಜೊತೆಗೆ ಒಯ್ಯುತ್ತೀರಿ?’ ಎಂದು ಕೇಳಿ, ನಾವು ಬಯಸಿದ್ದ ಪ್ರತಿಯೊಂದು ವಸ್ತುವನ್ನೂ ಅವರು ಎರಡು ಪಟ್ಟಿಗಳಾಗಿ ವಿಂಗಡಿಸಿದರು. ಗೋಡೆಗೋ ನೆಲಕ್ಕೋ ಅಂಟಿಕೊಂಡು ಇಲ್ಲಿಯೇ ಉಳಿಯುವಂಥವು ಒಂದರಲ್ಲಿ, ಲಾರಿಯಲ್ಲಿ ನಮ್ಮೊಡನೆ ಬರುವಂಥವು ಇನ್ನೊಂದರಲ್ಲಿ. ಉಳಿಯುವ ವಸ್ತುಗಳು ಗಟ್ಟಿಯಾಗಿರಬೇಕು, ಯಾರ ಕಣ್ಣಿಗೂ ಹೊಂದಿಕೊಳ್ಳುವಂತಿರಬೇಕು. ನಮ್ಮ ಇಷ್ಟಾನಿಷ್ಟಗಳೆಲ್ಲ ಒಯ್ಯಬಹುದಾದ ವಸ್ತುಗಳಲ್ಲಿ ಕಾಣಿಸಿಕೊಳ್ಳಲಿ ಎಂಬುದು ಅವರ ನಿಲುವು. ಮುಂದಿನ ಎಲ್ಲ ನಿರ್ಧಾರಗಳೂ ಇದರಿಂದಲೇ ಹೊರಟವು. ಬಜೆಟ್, ಮರುಮಾರಾಟ, ಅಭಿರುಚಿ ಎಂಬ ಮೂರೂ ಒಂದೇ ಬಾಗಿಲಿಗಾಗಿಯೋ ಒಂದೇ ಗೋಡೆಗಾಗಿಯೋ ಜಗಳವಾಡುವುದು ಈ ವಿಂಗಡಣೆಯಿಂದ ಬಹುಮಟ್ಟಿಗೆ ತಪ್ಪಿತು.

ಮರುಮಾರಾಟದ ವಿಷಯದಲ್ಲಿ ಅವರು ಸುಳ್ಳು ಭರವಸೆಯನ್ನು ಕೊಡಲಿಲ್ಲ ಎಂಬುದನ್ನು ಮೆಚ್ಚಿ ಹೇಳಬೇಕು. ಒಳಾಂಗಣಕ್ಕೆ ಹಾಕಿದ ಹಣ ಮಾರುವಾಗ ಪೂರ್ತಿ ಹಿಂದಿರುಗುತ್ತದೆ ಎಂದು ಮಾರಾಟದ ಪ್ರತಿನಿಧಿಗಳು ಹೇಳುವುದನ್ನು ನಾನು ಕೇಳಿದ್ದೇನೆ. ವಾಸ್ತವದಲ್ಲಿ ಬೆಂಗಳೂರಿನಲ್ಲಿ ಹಳೆಯ ಫ್ಲ್ಯಾಟ್ ಕೊಳ್ಳಲು ಬಂದವರು ಮೊದಲು ಕೇಳುವುದು ಪಾಲಿಕೆಯ ಆಸ್ತಿ ದಾಖಲೆ ಕ್ರಮಬದ್ಧವಾದ ಎ ಖಾತೆಯೋ ಅಲ್ಲದ ಬಿ ಖಾತೆಯೋ, ಅದರ ಡಿಜಿಟಲ್ ರೂಪವಾದ ಇ-ಖಾತೆ ಆಗಿದೆಯೇ, ಕಟ್ಟಡದಲ್ಲಿ ವಾಸಿಸಲು ಅನುಮತಿ ಕೊಡುವ ಸ್ವಾಧೀನಾನುಭವ ಪ್ರಮಾಣಪತ್ರ ಇದೆಯೇ, ಕಾವೇರಿ ನೀರು ಬರುತ್ತದೆಯೇ ಎಂದು. ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕರೂ ಜಮೀನಿನ ಅವಿಭಜಿತ ಪಾಲು, ವಿಸ್ತೀರ್ಣ, ಕಟ್ಟಡದ ವಯಸ್ಸು ಮತ್ತು ಸುತ್ತಮುತ್ತಲಿನ ದರವನ್ನು ನೋಡುತ್ತಾರೆಯೇ ಹೊರತು ಟಿವಿ ಹಿಂದಿನ ಪ್ಯಾನೆಲ್‌ಗೆ ಬೆಲೆ ಕಟ್ಟುವುದಿಲ್ಲ. ಒಳ್ಳೆಯ ಒಳಾಂಗಣದಿಂದ ಆಗುವ ನಿಜವಾದ ಲಾಭವೆಂದರೆ ಮನೆ ಬೇಗ ಮಾರಾಟವಾಗುವುದು ಮತ್ತು ಗೋಡೆಯ ತೇವ, ಕೆಟ್ಟ ವೈರಿಂಗ್, ಕೊಳೆತ ಸಿಂಕ್ ಕಪಾಟುಗಳನ್ನು ತೋರಿಸಿ ಕೊಳ್ಳುವವರು ಬೆಲೆ ಇಳಿಸುವುದು ತಪ್ಪುವುದು. ಇದನ್ನು ಅವರು ಬರವಣಿಗೆಯಲ್ಲೇ ಕೊಟ್ಟಿದ್ದರು.

ಬಿಲ್ಲುಗಳ ವಿಷಯವೂ ಇದಕ್ಕೆ ಸೇರಿದ್ದೇ. ಈ ಸೇವೆಯಲ್ಲಿ ಪ್ರತಿಯೊಂದು ಖರೀದಿಯೂ ನಮ್ಮ ಹೆಸರಿನಲ್ಲೇ ಆಗುತ್ತದೆ. ಇದರಿಂದ ವಿನ್ಯಾಸಕರ ಪಾಲು ಯಾವ ಬೆಲೆಯಲ್ಲೂ ಅಡಗಿಲ್ಲ ಎಂಬುದು ಕಣ್ಣಿಗೆ ಕಾಣುತ್ತದೆ. ಇದರ ಜೊತೆಗೆ, ಕೊಂಡು 24 ತಿಂಗಳು ಕಳೆದ ಮೇಲೆ ಮನೆ ಮಾರಿದರೆ ಬರುವ ಲಾಭ ದೀರ್ಘಾವಧಿ ಬಂಡವಾಳ ಲಾಭವಾಗುತ್ತದೆ. 2024ರ ಜುಲೈ 23ರಂದು ಅಥವಾ ಅನಂತರ ಕೊಂಡ ಮನೆಗೆ ಹಣದುಬ್ಬರದ ಸೂಚ್ಯಂಕದ ಅನುಕೂಲವಿಲ್ಲದೆ, ಅಂದರೆ ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಲೆಕ್ಕ ಹಾಕದೆ, ಶೇ. 12.5ರ ತೆರಿಗೆ ಬೀಳುತ್ತದೆ. ಆ ಲಾಭವನ್ನು ಲೆಕ್ಕ ಹಾಕುವಾಗ ಮನೆಯ ಭಾಗವೇ ಆಗಿಬಿಟ್ಟ ಶಾಶ್ವತ ಸುಧಾರಣೆಗಳ ವೆಚ್ಚವನ್ನು ಕಳೆಯಲು ಅವಕಾಶವಿದೆ. ಸೋಫಾ, ಮಂಚದಂಥ ಚರವಸ್ತುಗಳಿಗೆ ಅದಿಲ್ಲ. ಹಾಗಾಗಿ ಜಲನಿರೋಧಕ ಕೆಲಸ, ವೈರಿಂಗ್ ಮತ್ತು ಅಡುಗೆಮನೆಯ ಬಿಲ್ಲುಗಳನ್ನು ಬೇರೆ ಕಡತದಲ್ಲಿಡಲು ಅವರು ಸೂಚಿಸಿದರು. ‘ಇಡೀ ಒಳಾಂಗಣ, ಒಟ್ಟು ಇಷ್ಟು’ ಎಂಬ ಒಂದೇ ಸಾಲಿನ ಬಿಲ್ಲಿನಿಂದ ಈ ವಿಂಗಡಣೆ ಕಷ್ಟ.

ಹಣದ ಅತಿ ದೊಡ್ಡ ಪಾಲು ಅಡುಗೆಮನೆಗೆ ಹೋಯಿತು, ಹೋಗಬೇಕಾದದ್ದೂ ಅಲ್ಲಿಗೇ. ಕೊಟೇಶನ್‌ಗಳಲ್ಲಿ ಹಳೆಯ ಕರಿ ಗ್ರಾನೈಟ್ ಕಟ್ಟೆಯನ್ನು ಒಡೆದು ಬಿಳಿಯ ಕ್ವಾರ್ಟ್ಜ್ ಹಾಕುವುದೆಂದಿತ್ತು. ವಿನ್ಯಾಸಕಿಯರು ಕಟ್ಟೆಯನ್ನು ಪರೀಕ್ಷಿಸಿ, ಕಲ್ಲಿನಲ್ಲಿ ಬಿರುಕಿಲ್ಲ, ಪಾಲಿಶ್ ಮಾಡಿಸಿದರೆ ಸಾಕು ಎಂದು ಉಳಿಸಿದರು. ಅರಿಸಿನ, ಹುಣಸೆಹಣ್ಣು, ಬಿಸಿ ಕುಕ್ಕರ್ ಇವನ್ನೆಲ್ಲ ದಿನವೂ ತಾಳಬೇಕಾದ ನಮ್ಮ ಅಡುಗೆಮನೆಯಲ್ಲಿ ಕರಿ ಗ್ರಾನೈಟ್‌ಗೆ ಸಾಟಿಯಾದದ್ದು ಕಡಿಮೆ. ಕಟ್ಟೆಯನ್ನು ಸ್ವಲ್ಪ ಉದ್ದ ಮಾಡಲು ಬೇಕಾದ ತುಂಡನ್ನು ಜಿಗಣಿಯ ಗ್ರಾನೈಟ್ ಘಟಕವೊಂದರಿಂದ ತರಿಸಿದೆವು. ಸಿಂಕಿನ ಕೆಳಗಿನ ಮತ್ತು ಅದರ ಪಕ್ಕದ ಕಪಾಟುಗಳಿಗೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿನ ಪ್ಲೈವುಡ್ ಬಳಸಿದ್ದೇವೆ. 72 ಗಂಟೆ ನೀರಿನಲ್ಲಿ ಕುದಿಸಿದರೂ ಪದರ ಬಿಡಬಾರದು ಎಂಬುದು ಆ ದರ್ಜೆಯ ಪರೀಕ್ಷೆ. ನೀರು ತಾಗದ ಮಲಗುವ ಕೋಣೆಯ ವಾರ್ಡ್‌ರೋಬ್‌ಗಳಿಗೆ ಐಎಸ್ 303ರ ಎಂಆರ್ (ತೇವಾಂಶ ತಾಳುವ) ದರ್ಜೆ ಸಾಕೆಂದು ಹೇಳಿ ಅಲ್ಲಿ ಹಣ ಉಳಿಸಿದರು. ಪ್ಯಾಕೇಜ್‌ನವರ ಕಾಗದದಲ್ಲಿ ಮನೆ ಪೂರ್ತಿಗೆ ‘ವಾಟರ್‌ಪ್ರೂಫ್ ಪ್ಲೈ’ ಎಂದಷ್ಟೇ ಇತ್ತು, ಐಎಸ್ ಸಂಖ್ಯೆ ಎಲ್ಲಿಯೂ ಇರಲಿಲ್ಲ. ಕೊಟೇಶನ್ ಓದುವ ಯಾರಾದರೂ ಮೊದಲು ಹುಡುಕಬೇಕಾದದ್ದು ಆ ಸಂಖ್ಯೆಯನ್ನು, ಅನಂತರ ದಪ್ಪವನ್ನು: ಕಪಾಟಿನ ಪೆಟ್ಟಿಗೆಗೆ 18 ಮಿಲಿಮೀಟರ್, ಹೊರಗಿನ ಲ್ಯಾಮಿನೇಟ್‌ಗೆ 1 ಮಿಲಿಮೀಟರ್.

ಗ್ರೈಂಡರ್ ಮತ್ತು ಓವನ್‌ಗೆ ಬೇರೆ ಬೇರೆ 16 ಆಂಪಿಯರ್ ಪಾಯಿಂಟ್, ಮುಂದೆ ಪೈಪ್ ಗ್ಯಾಸ್ ಬಂದರೆ ಕೊಳವೆ ಹಾಯಲು ಜಾಗ, ಅಮ್ಮನ ಎತ್ತರವನ್ನು ಅಳೆದು ನಿಗದಿಪಡಿಸಿದ ಮೇಲಿನ ಕಪಾಟುಗಳ ಮಟ್ಟ, ಪಾತ್ರೆ ತೊಳೆಯುವ ಯುಟಿಲಿಟಿಯ ನೆಲಕ್ಕೆ ಸರಿಯಾದ ಇಳಿಜಾರು, ಇವೆಲ್ಲ ನಕ್ಷೆಯಲ್ಲೇ ಇದ್ದವು. ಫೋಟೊದಲ್ಲಿ ಇವು ಯಾವುವೂ ಕಾಣುವುದಿಲ್ಲ, ಆದರೆ ದಿನವೂ ಅಡುಗೆ ಮಾಡುವವರಿಗೆ ಗೊತ್ತಾಗುತ್ತವೆ. ಮನೆ ನೋಡಲು ಬರುವವರಲ್ಲಿ ಅಡುಗೆಮನೆಗೆ ಹೋಗಿ ಕಪಾಟು ತೆರೆದು ನೋಡದವರು ಅಪರೂಪವಾದ್ದರಿಂದ, ಮಾರುವಾಗಲೂ ಇವು ನೆರವಿಗೆ ಬರುವುದು ಖಂಡಿತ.

ಸ್ನಾನದ ಮನೆಗಳ ವಿಷಯದಲ್ಲಿ ಒಂದೇ ಒಂದು ಮಾತು. ನನ್ನ ಪತ್ನಿಗೆ ಮ್ಯಾಟ್ ಕಪ್ಪು ಬಣ್ಣದ ನಲ್ಲಿಗಳು ಇಷ್ಟವಾಗಿದ್ದವು. ಬೋರ್‌ವೆಲ್ ಮತ್ತು ಟ್ಯಾಂಕರ್‌ನ ಗಡಸು ನೀರು ಬರುವ ಕಟ್ಟಡದಲ್ಲಿ ಕಪ್ಪಿನ ಮೇಲೆ ಬಿಳಿ ಸುಣ್ಣದ ಕಲೆ ನಿಲ್ಲುತ್ತದೆ, ಉಜ್ಜಿದರೆ ಬಣ್ಣ ಹೋಗುತ್ತದೆ ಎಂದು ವಿನ್ಯಾಸಕಿಯರು ತಡೆದು ಸಾಮಾನ್ಯ ಕ್ರೋಮ್ ಹಾಕಿಸಿದರು.

ಫಾಲ್ಸ್ ಸೀಲಿಂಗ್ ಬಗ್ಗೆ ಅವರು ತೋರಿದ ಬಿಗುವು ನಮ್ಮ ಬಜೆಟ್ಟನ್ನು ಉಳಿಸಿತು. ಎಲ್ಲ ಕೋಣೆಗಳಿಗೂ ಜಿಪ್ಸಮ್ ಸೀಲಿಂಗ್, ಒಳಗೆ ಪ್ರೊಫೈಲ್ ಲೈಟ್ ಎಂಬುದು ಪ್ಯಾಕೇಜ್‌ಗಳ ಸಾಮಾನ್ಯ ಪದ್ಧತಿ. ಒಂಬತ್ತೂವರೆ ಅಡಿ ಎತ್ತರದ ಫ್ಲ್ಯಾಟಿನಲ್ಲಿ ಅರ್ಧ ಅಡಿ ಹೋದರೆ ಕೋಣೆ ಕುಗ್ಗಿದಂತೆ ಕಾಣುತ್ತದೆ. ಮೇಲಿನ ಮನೆಯಿಂದ ನೀರು ಸೋರಿದರೂ ಬಹಳ ದಿನ ತಿಳಿಯುವುದಿಲ್ಲ. ಹಾಲ್‌ನಲ್ಲಿ ಕಿಟಕಿಯ ಬದಿಗೆ ಪರದೆಯ ಕಂಬಿ ಮರೆಯಾಗುವಷ್ಟು ಕಿರಿದಾದ ಪಟ್ಟಿಯನ್ನು ಮಾತ್ರ ಮಾಡಿಸಿ ಉಳಿದದ್ದನ್ನು ಕೈಬಿಟ್ಟೆವು.

ಇನ್ನು ಅಭಿರುಚಿಯ ವಿಷಯ. ನನಗೆ ಹಾಲ್‌ನ ನೆಲಕ್ಕೆ ಆತಂಗುಡಿ ಟೈಲ್ಸ್ ಬೇಕಿತ್ತು. ತಮಿಳುನಾಡಿನ ಶಿವಗಂಗಾ ಜಿಲ್ಲೆಯ ಆತಂಗುಡಿಯಲ್ಲಿ ಗಾಜಿನ ಹಲಗೆಯ ಮೇಲೆ ಬಣ್ಣದ ಸಿಮೆಂಟನ್ನು ಕೈಯಿಂದ ಸುರಿದು, ಬೆಂಕಿಯಲ್ಲಿ ಸುಡದೆ, ನೀರಿನಲ್ಲಿ ನೆನೆಸಿ ಗಟ್ಟಿಮಾಡುವ ಆ ಹೆಂಚುಗಳ ಚೆಲುವಿಗೆ ಕಾರ್ಖಾನೆಯ ಯಾವ ಟೈಲ್ಸೂ ಸಮನಲ್ಲ ಎಂದು ನಾನು ಈಗಲೂ ನಂಬಿದ್ದೇನೆ. ಆದರೆ ಇದ್ದ ವಿಟ್ರಿಫೈಡ್ ನೆಲ ಚೆನ್ನಾಗಿಯೇ ಇತ್ತು, ಅದನ್ನು ಒಡೆಯುವ ಖರ್ಚೇ ದೊಡ್ಡದಾಗುತ್ತಿತ್ತು. ಆಸಿಡ್ ಹಾಕಿ ತೊಳೆಯುವ ಅಭ್ಯಾಸವಿರುವ ಮುಂದಿನ ಮಾಲೀಕರೋ ಬಾಡಿಗೆದಾರರೋ ಬಂದರೆ ಆ ಹೆಂಚು ಹಾಳಾಗುವುದೂ ನಿಶ್ಚಿತ. ಪ್ರವೇಶದ ಬಳಿ ಪಾದರಕ್ಷೆ ಬಿಡುವ ಪುಟ್ಟ ಜಾಗದಲ್ಲಿ ಮಾತ್ರ ಆ ಹೆಂಚುಗಳನ್ನು ಹಾಸಿ, ಹಾಲ್‌ಗೆ ನವಲಗುಂದದ ಜಮಖಾನವೊಂದನ್ನು ಕೊಳ್ಳಲು ಅವರು ಸೂಚಿಸಿದರು. ನವಲಗುಂದದ ಹೆಣ್ಣುಮಕ್ಕಳು ಹತ್ತಿಯ ದಾರದಿಂದ ನೇಯುವ, ಪಗಡೆಹಾಸಿನ ವಿನ್ಯಾಸವಿರುವ ಆ ಜಮಖಾನ ಈಗ ನಮ್ಮ ಹಾಲ್‌ನ ಮುಖವನ್ನೇ ಬದಲಿಸಿದೆ. ಬಣ್ಣದ ಆಸೆ ತೀರಿತು, ನೆಲ ಒಡೆಯಲಿಲ್ಲ, ಹೊರಡುವ ದಿನ ಅದನ್ನು ಸುತ್ತಿ ಒಯ್ಯಬಹುದು.

ಊರಿನ ಮನೆಯಿಂದ ತಂದ ಹೊನ್ನೆ ಮರದ ತೂಗುಮಣೆಯ ಬಗ್ಗೆ ಮಾತ್ರ ದೊಡ್ಡ ಚರ್ಚೆಯಾಯಿತು. ವಿನ್ಯಾಸಕಿಯರು ಅದು ಹಾಲ್‌ನ ಜಾಗ ತಿನ್ನುತ್ತದೆ ಎಂದರು. ಅಮ್ಮ ಅದಿಲ್ಲದ ಮನೆಗೆ ಬರಲಾರೆ ಎಂದರು. ಛಾವಣಿಗೆ ಕೊಂಡಿ ಹಾಕಲು ಫ್ಲ್ಯಾಟ್ ಮಾಲೀಕರ ಸಂಘದ ಎಂಜಿನಿಯರ್ ಒಪ್ಪಲಿಲ್ಲ, ಸ್ಲ್ಯಾಬ್ ಕೊರೆಯುವುದು ಅಪಾಯವೆಂಬ ಅವರ ಮಾತು ಸರಿಯಾಗಿಯೇ ಇತ್ತು. ಕೊನೆಗೆ ಬಿಚ್ಚಿ ಜೋಡಿಸಬಹುದಾದ ತೇಗದ ಚೌಕಟ್ಟೊಂದರ ನಕ್ಷೆಯನ್ನು ವಿನ್ಯಾಸಕಿಯರೇ ಬಿಡಿಸಿಕೊಟ್ಟರು, ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಲ್ಲಿ ಮರ ಆರಿಸಿ ಬಡಗಿಯಿಂದ ಮಾಡಿಸಿದೆವು. ಗಿರಾಕಿ ಪಟ್ಟು ಹಿಡಿದಾಗ ಮುನಿಸಿಕೊಳ್ಳದೆ ಅದಕ್ಕೊಂದು ದಾರಿ ಹುಡುಕುವ ಈ ಗುಣಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. ದೇವರ ಮಂಟಪವೂ ಇದೇ ರೀತಿ ಗೋಡೆಗೆ ಅಂಟದೆ ಬಿಡಿಯಾಗಿ ನಿಂತಿದೆ. ಹಾಲ್‌ನ ಒಂದು ಗೋಡೆಗೆ ಕಡುಹಸಿರು ಬಳಿಸಿದ್ದಕ್ಕೆ ಅವರು ಅಡ್ಡಿ ಹೇಳಲಿಲ್ಲ. ಮಾರುವ ಮೊದಲು ಹೇಗೂ ಬಣ್ಣ ಹೊಡೆಸಬೇಕಾಗುತ್ತದೆ ಎಂಬ ಕಾರಣವನ್ನು ಅವರೇ ಕೊಟ್ಟರು.

ಒಟ್ಟು ಲೆಕ್ಕ ಹೀಗಿದೆ: ಅಡುಗೆಮನೆಗೆ 2.9 ಲಕ್ಷ, ವಾರ್ಡ್‌ರೋಬ್‌ಗಳಿಗೆ 2.6 ಲಕ್ಷ, ವೈರಿಂಗ್, ಕೊಳಾಯಿ ಮತ್ತು ಜಲನಿರೋಧಕ ಕೆಲಸಕ್ಕೆ 1.3 ಲಕ್ಷ, ಬಣ್ಣಕ್ಕೆ 90 ಸಾವಿರ, ತೂಗುಮಣೆಯ ಚೌಕಟ್ಟು, ಮಂಟಪ, ಜಮಖಾನ, ಪರದೆ, ದೀಪಗಳಿಗೆ 1.4 ಲಕ್ಷ. ವಿನ್ಯಾಸದ ಶುಲ್ಕ 70,000, ಜಿಎಸ್‌ಟಿ ಸೇರಿ 82,600 ರೂಪಾಯಿ. ಎಲ್ಲ ಸೇರಿ 10 ಲಕ್ಷದೊಳಗೇ ಮುಗಿಯಿತು.

ಕೊರತೆಗಳೂ ಇವೆ, ಕೆಲವು ಗಂಭೀರವೇ. ಶುಲ್ಕದಲ್ಲಿ ಮೇಲ್ವಿಚಾರಣೆ ಸೇರಿಲ್ಲ. ಬಡಗಿ, ಎಲೆಕ್ಟ್ರಿಷಿಯನ್, ಪೇಂಟರ್ ಮೂವರನ್ನೂ ಒಂದು ಕ್ರಮದಲ್ಲಿ ಕರೆಸಿ ಕೆಲಸ ತೆಗೆಸುವ ಹೊಣೆ ಪೂರ್ತಿಯಾಗಿ ನಮ್ಮದಾಗಿತ್ತು, ಅದು ಉದ್ಯೋಗಕ್ಕೆ ಹೋಗುವ ದಂಪತಿಗೆ ಸುಲಭವಲ್ಲ. ವೈರಿಂಗ್ ನಕ್ಷೆ ಬಡಗಿ ಕೆಲಸದ ನಕ್ಷೆಗಿಂತ ತಡವಾಗಿ ಕೈಸೇರಿದ್ದರಿಂದ ಒಂದು ಗೋಡೆಯನ್ನು ಮತ್ತೆ ಕೊರೆಯಬೇಕಾಯಿತು. ಪ್ಯಾಕೇಜ್ ಕಂಪನಿಗಳು ಕೊಡುವಂಥ ವಾರಂಟಿ ಇಲ್ಲಿಲ್ಲ. ಹಿಂಜ್ ಸಡಿಲವಾದರೆ ಬಡಗಿಯನ್ನೇ ಹುಡುಕಬೇಕು. ಮಗಳ ಕೋಣೆಯ ವಾರ್ಡ್‌ರೋಬ್‌ಗೆ ಅವಳು ಆರಿಸಿದ ತಿಳಿನೀಲಿಯನ್ನು ಬಿಟ್ಟು ‘ಮುಂದೆ ಕೊಳ್ಳುವವರಿಗಾಗಿ’ ಬಿಳಿಗೇ ಒತ್ತಾಯ ಮಾಡಿದ್ದು ನನಗೆ ಸರಿಯೆನಿಸಲಿಲ್ಲ. ಲ್ಯಾಮಿನೇಟ್ ಬದಲಿಸುವುದು ಪೆಟ್ಟಿಗೆ ಬದಲಿಸಿದಷ್ಟು ದುಬಾರಿಯಲ್ಲ, ಆ ಕೋಣೆಯಲ್ಲಿ ಬೆಳೆಯುವವಳು ಅವಳು. ನಾವು ನೀಲಿಯನ್ನೇ ಹಾಕಿಸಿದೆವು.

ಸಂಜೆಯ ಹೊತ್ತು ಕೆಲಸದ ಜಾಗಕ್ಕೆ ಹೋಗಬಲ್ಲ, ಪರಿಚಯದ ಬಡಗಿ ಇರುವ, ಮುಂದೊಂದು ದಿನ ಮನೆ ಮಾರುವ ಯೋಚನೆಯಿರುವ ಕುಟುಂಬಕ್ಕೆ ಈ ಸೇವೆಯನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ವಿದೇಶದಲ್ಲಿದ್ದು ಇಲ್ಲಿ ಮನೆ ಸಿದ್ಧಪಡಿಸುವವರಿಗೆ ಇದು ಹೊಂದುವುದಿಲ್ಲ; ಅವರಿಗೆ ಹೆಚ್ಚು ಹಣ ಕೊಟ್ಟಾದರೂ ಪ್ಯಾಕೇಜೇ ಸರಿ. ಇಂಥ ಕಚೇರಿಯೊಂದನ್ನು ಒಪ್ಪಿಕೊಳ್ಳುವ ಮೊದಲು ಶುಲ್ಕದಲ್ಲಿ ಎಷ್ಟು ಬಾರಿ ನಕ್ಷೆ ತಿದ್ದಿಕೊಡುತ್ತಾರೆ, ವೈರಿಂಗ್ ನಕ್ಷೆ ಯಾವ ದಿನಾಂಕಕ್ಕೆ ಸಿಗುತ್ತದೆ, ಬಡಗಿ ಪೆಟ್ಟಿಗೆ ಜೋಡಿಸುವಾಗ ಒಮ್ಮೆಯಾದರೂ ಬಂದು ನೋಡುತ್ತಾರೆಯೇ ಎಂಬ ಮೂರನ್ನು ಕರಾರಿನಲ್ಲಿ ಬರೆಸಿಕೊಳ್ಳಿ.